ಕೂಗುತ್ತಿದ್ದ ಮಾನಿಟರುಗಳು

ಈಗ ಹೈದರಾಬಾದಿಗೆ ಬಂದವರಿಗೆ ಇ.ಸಿ.ಐ.ಎಲ್. ಅಂದರೆ ಬಸ್ಸಿನ ಬೋರ್ಡು. 1967ರಲ್ಲಿ ಶುರುವಾದ ಈ ಸರಕಾರಿ ಕಂಪನಿ ಟೀವಿಯನ್ನೂ ಕಂಪ್ಯೂಟರನ್ನೂ ಇಲ್ಲೇ ಮಾಡಿತು. ಆಗಿನ ಪರದೆಗಳೆಲ್ಲ ಜರ್ಮನಿಯ ಬ್ರೌನ್ 1897ರಲ್ಲಿ ಮಾಡಿದ ಗಾಜಿನ ಕೊಳವೆಯ ಸಂತತಿ. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ನಮ್ಮ ಬ್ಯಾಂಕುಗಳಿಗೂ ಆ ಡಬ್ಬಗಳು ಬಂದವು, ಜತೆಗೆ ಸದ್ದುಗಳೂ!

ಬಣ್ಣದ ಮಾನಿಟರ್ ಆನ್ ಮಾಡಿದಾಗ 'ಢಂ' ಅಂದರೆ ಹೆದರಬೇಕಿರಲಿಲ್ಲ, ಅದು ಪರದೆಯ ಕಾಂತತ್ವ ಕಳೆಯುವ ಸುರುಳಿ. ಸಣ್ಣಗೆ 'ಕುಂಯ್' ಅನ್ನುತ್ತಿದ್ದುದು ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್. ನಮ್ಮ ಟೀವಿಗಳಲ್ಲಿ ಅದು ಸೆಕೆಂಡಿಗೆ 15,625 ಸಲ ಮಿಡಿಯುತ್ತಿತ್ತು, ಹಳೆಯ ಸಿಜಿಎ ಮಾನಿಟರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಎಳೆಯ ಕಿವಿಗೆ ಕೇಳಿಸುತ್ತದೆ, ಐವತ್ತು ದಾಟಿದವರಿಗೆ ಕೇಳಿಸುವುದು ಅಪರೂಪ. ಹೊಸ ಹುಡುಗರು ತಲೆನೋವು ಅಂದರೆ ಹಿರಿಯರು ಕೆಲಸ ತಪ್ಪಿಸುವ ನೆಪ ಅನ್ನುತ್ತಿದ್ದರು, ಪಾಪ! 1987ರ ವಿಜಿಎ ಅದನ್ನು ಸುಮಾರು 31,500ಕ್ಕೆ ಏರಿಸಿತು, ಅದು ಮನುಷ್ಯರ ಕಿವಿಗೆ ಎಟುಕದು.

'ಚಟಚಟ' ಮಾತ್ರ ಬೇರೆ ಕತೆ. ಧೂಳಿಗೆ ಮಳೆಗಾಲದ ತೇವ ಸೇರಿ, 20,000 ವೋಲ್ಟಿಗೂ ಮೇಲಿನ ವಿದ್ಯುತ್ ಸೋರುವ ಸದ್ದು ಅದು. ಆಫ್ ಮಾಡಿ, ಪ್ಲಗ್ ಕಿತ್ತು, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೊರುವುದೊಂದೇ ದಾರಿ. ತಾವೇ ಬಿಚ್ಚಿ ನೋಡುವ ಶೂರರೂ ಇದ್ದರು ಬಿಡಿ. ಪ್ಲಗ್ ಕಿತ್ತ ಮೇಲೂ ಆ ಕೊಳವೆ ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತದೆ. ನಿಮ್ಮ ಅಟ್ಟದಲ್ಲಿ ಇನ್ನೂ ಒಂದಿದ್ದರೆ ಅದರ ಹಿಂಬದಿಯ ಮುಚ್ಚಳ ಬಿಚ್ಚಲು ಹೋಗಬೇಡಿ.