ಅಕ್ಕ ಎಂಬ ಮಾತು

ಒಡಹುಟ್ಟಿದವರಲ್ಲಿ ತನಗಿಂತ ಹಿರಿಯಳಾದ ಹೆಣ್ಣು ಅಕ್ಕ. ಈ ಹೆಸರನ್ನು ಯಾರೂ ತಮಗೆ ತಾವೇ ಇಟ್ಟುಕೊಳ್ಳಲಾಗದು. ಹೆಣ್ಣು ಕೂಸು ಹುಟ್ಟಿದ ಗಳಿಗೆಯಲ್ಲೇ ಮಗಳಾಗುತ್ತದೆ. ಅಕ್ಕನಾಗಬೇಕಾದರೆ ಅದರ ಬೆನ್ನಿಗೆ ಇನ್ನೊಂದು ಕೂಸು ಹುಟ್ಟಬೇಕು, ಆ ಕೂಸಿಗೆ ಮಾತು ಬರಬೇಕು. ಹಾಗಾಗಿ ಪ್ರತಿಯೊಬ್ಬ ಅಕ್ಕನೂ ತನಗಿಂತ ಚಿಕ್ಕವರ ಬಾಯಿಂದ ಬಂದವಳು. ಆಕೆಯ ನೆನಪೂ ಬಹುಮಟ್ಟಿಗೆ ಆ ಚಿಕ್ಕವರ ಬಾಯಲ್ಲೇ ಉಳಿಯುತ್ತದೆ.

ಕನ್ನಡದ ನೆಂಟಸ್ತನದ ಮಾತುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಅಮ್ಮ, ಅಪ್ಪ, ಅಜ್ಜ, ಅಜ್ಜಿ, ಅಣ್ಣ, ಅಕ್ಕ, ಅತ್ತೆ: ಹಿರಿಯರನ್ನು ಹೇಳುವ ಹೆಚ್ಚಿನ ಪದಗಳು ಅಕಾರದಿಂದ ಹೊರಟು ಒಂದು ಒತ್ತಕ್ಷರದ ಮೇಲೆ ನಿಲ್ಲುತ್ತವೆ. ತಮ್ಮ, ತಂಗಿ, ಮಗ, ಮಗಳು ಎಂಬ ಕಿರಿಯರ ಪದಗಳು ಈ ಸಾಲಿಗೆ ಸೇರುವುದಿಲ್ಲ. ಬಳಕೆಯಲ್ಲೂ ಇದೇ ವ್ಯತ್ಯಾಸ ಇದೆ. ಮನೆಯಲ್ಲಿ ಕಿರಿಯರನ್ನು ಹೆಸರು ಹಿಡಿದು ಕರೆಯುತ್ತಾರೆ, ಹಿರಿಯರನ್ನು ನೆಂಟಸ್ತನ ಹಿಡಿದು ಕರೆಯುತ್ತಾರೆ. ತಂಗಿಯ ಹೆಸರು ದಿನಕ್ಕೆ ಹತ್ತು ಸಲ ಮನೆಯಲ್ಲಿ ಕೇಳಿಸುತ್ತದೆ. ಅಕ್ಕನ ಹೆಸರು ಅಪ್ಪ ಅಮ್ಮನ ಬಾಯಲ್ಲಿ, ಶಾಲೆಯ ಹಾಜರಿಯಲ್ಲಿ, ಲಗ್ನಪತ್ರಿಕೆಯಲ್ಲಿ ಮಾತ್ರ ಇರುತ್ತದೆ.

ಪದ ಕನ್ನಡದ್ದೊಂದೇ ಅಲ್ಲ. ತಮಿಳು, ತೆಲುಗು, ತುಳುಗಳಲ್ಲೂ ಅದು ಇದೇ ಅರ್ಥದಲ್ಲಿ ಬದುಕಿದೆ. ಮರಾಠಿಯ ಮನೆಗಳಲ್ಲೂ ಅಕ್ಕಂದಿರಿದ್ದಾರೆ. ಸಂಸ್ಕೃತದಲ್ಲಿ ‘ಅಕ್ಕಾ’ ಎಂದರೆ ತಾಯಿ. ತಾಯಿ ಎಂಬರ್ಥದ ಪದಗಳನ್ನು ಕೂಗಿ ಕರೆಯುವಾಗ ಕೊನೆಯ ಸ್ವರ ಗಿಡ್ಡವಾಗುತ್ತದೆ ಎಂಬ ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನಕಾರರು ಅಂಬಾ ಪದದ ಜೊತೆಗೆ ಇದನ್ನೂ ಉದಾಹರಣೆಯಾಗಿ ಕೊಡುತ್ತಾರೆ. ಅದು ದ್ರಾವಿಡ ಮೂಲದ ಎರವಲು ಎಂದು ಭಾವಿಸಿದ ಭಾಷಾಶಾಸ್ತ್ರಜ್ಞರಿದ್ದಾರೆ. ತಾಯಿಗೂ ಅಕ್ಕನಿಗೂ ನಡುವಿನ ಗೆರೆ ಕನ್ನಡದ ಮನೆಗಳಲ್ಲೂ ಅಷ್ಟೇನೂ ಗಟ್ಟಿಯಾಗಿಲ್ಲ. ಕೂಡುಕುಟುಂಬಗಳಲ್ಲಿ ಚಿಕ್ಕಮ್ಮ, ಸೋದರಮಾವಂದಿರು ಕರೆಯುವುದನ್ನು ಕೇಳಿ ಬೆಳೆದ ಮಕ್ಕಳು ಹೆತ್ತ ತಾಯಿಯನ್ನೇ ಅಕ್ಕ ಎನ್ನುವುದುಂಟು. ಆ ರೂಢಿ ತಾಯಿಯ ಕೊನೆಗಾಲದವರೆಗೂ ನಡೆಯುತ್ತದೆ. ಅಕ್ಕನ ಮಗಳನ್ನು ಮದುವೆಯಾಗುವ ವಾಡಿಕೆ ಇರುವ ಮನೆತನಗಳಲ್ಲಿ ಅದೇ ಅಕ್ಕ ತಮ್ಮನಿಗೆ ಅತ್ತೆಯೂ ಆಗುತ್ತಾಳೆ. ಸಂಬಂಧ ಬದಲಾದರೂ ಕರೆಯುವ ಮಾತು ಬದಲಾಗುವುದಿಲ್ಲ.

ಗಾದೆಗಳು ಈ ಪದವನ್ನು ಅತಿ ಹತ್ತಿರದವಳು ಎಂಬುದಕ್ಕೆ ಅಳತೆಗೋಲಾಗಿ ಬಳಸಿವೆ. ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡ ಎಂಬ ಮಾತು ನಿಲ್ಲುವುದು, ಲೋಕದಲ್ಲಿ ಯಾರಿಗೆ ಮೋಸ ಮಾಡಿದರೂ ಅಕ್ಕನಿಗೆ ಮಾಡಲಾರರು ಎಂಬ ನಂಬಿಕೆಯ ಮೇಲೆ. ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲದು ಎಂಬ ಇನ್ನೊಂದು ಗಾದೆ ಮೇಲ್ನೋಟಕ್ಕೆ ಕಠೋರ. ಆದರೆ ಇಷ್ಟು ದೊಡ್ಡ ನಷ್ಟಕ್ಕೂ ಲೋಕ ತಡೆದು ನಿಲ್ಲುವುದಿಲ್ಲ ಎನ್ನಲು ಗಾದೆ ಆರಿಸಿಕೊಂಡದ್ದು ಅಕ್ಕನ ಸಾವನ್ನು. ಅದಕ್ಕಿಂತ ದೊಡ್ಡ ಮರ್ಯಾದೆ ಗಾದೆಯ ಕೈಯಲ್ಲಿಲ್ಲ.

ರಕ್ತಸಂಬಂಧದ ಆಚೆಗೂ ಪದ ಬಹಳ ಹಿಂದೆಯೇ ಹೊರಟಿದೆ. ಹೆಸರಿನ ಬಾಲಕ್ಕೆ ಸೇರಿ ಲಕ್ಷ್ಮಕ್ಕ, ಗೌರಕ್ಕ, ಕಮಲಕ್ಕ ಎಂದಾಗುವುದು ಊರೂರಿನಲ್ಲೂ ಇದೆ. ಕರಾವಳಿಯಲ್ಲಿ ಇನ್ನೂ ಹೆಚ್ಚು. ಅಕ್ಕಯ್ಯ, ಅಕ್ಕಮ್ಮ, ಅಕ್ಕವ್ವ ಎಂಬ ರೂಪಗಳಲ್ಲಿ ಅದಕ್ಕೆ ಮತ್ತೊಂದು ಗೌರವದ ಪದ ಹತ್ತಿಕೊಂಡಿದೆ. ಉತ್ತರ ಕನ್ನಡದ ಕಡೆ ಶಾಲೆಯ ಶಿಕ್ಷಕಿ ಅಕ್ಕೋರು. ಪೇಟೆಯಲ್ಲಿ ಸೊಪ್ಪು ಮಾರುವವಳೂ ಅಕ್ಕ, ಕೊಳ್ಳುವವಳೂ ಅಕ್ಕ. ಅಲ್ಲಿ ಇಬ್ಬರ ವಯಸ್ಸನ್ನೂ ಯಾರೂ ಕೇಳುವುದಿಲ್ಲ.

ಕಲ್ಲಿನ ಮೇಲೆ ಈ ಪದವನ್ನು ಹುಡುಕುವವರಿಗೆ ಮೊದಲು ಎದುರಾಗಬೇಕಾದವಳು ಕಲ್ಯಾಣದ ಚಾಲುಕ್ಯರ ಅಕ್ಕಾದೇವಿ. ಆಕೆ ದಶವರ್ಮನ ಮಗಳು, ಐದನೆಯ ವಿಕ್ರಮಾದಿತ್ಯ ಮತ್ತು ಜಯಸಿಂಹರ ಸೋದರಿ. ಪಟ್ಟದಕಲ್ಲಿನ ಸುತ್ತಿನ ಕಿಸುಕಾಡು ಎಪ್ಪತ್ತು ಎಂಬ ನಾಡು ಆಕೆಯ ಆಡಳಿತದಲ್ಲಿತ್ತು. ಗದಗ ಜಿಲ್ಲೆಯ ಸೂಡಿ ಆಗ ಆ ನಾಡಿನ ಮುಖ್ಯ ಊರು. ಅಲ್ಲಿಯ 1010ರ ಶಾಸನದಲ್ಲಿ ಆಕೆ ಆಳುತ್ತಿದ್ದಾಳೆ. 1050ರ ದಶಕದ ಶಾಸನಗಳಲ್ಲೂ ಆಕೆ ಇದ್ದಾಳೆ. ಬಾದಾಮಿ ಸೀಮೆಯ ಬೇಲೂರಿನ 1022ರ ಶಾಸನ ಆಕೆಯನ್ನು ಯುದ್ಧದಲ್ಲಿ ಭೈರವಿಗೆ ಹೋಲಿಸುತ್ತದೆ. 1047ರ ಅರಸಿಬೀದಿಯ ಶಾಸನ ಹೊರಟದ್ದು ಆಕೆ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿ ಬೀಡು ಬಿಟ್ಟಿದ್ದ ಹೊತ್ತಿನಲ್ಲಿ. ಗುಣದ ಬೆಡಂಗಿ, ಏಕವಾಕ್ಯೆ ಎಂಬ ಬಿರುದುಗಳು ಆಕೆಗಿದ್ದವು. ಗುಣವನ್ನೇ ಚೆಲುವಾಗಿ ಉಳ್ಳವಳು, ಆಡಿದ ಒಂದೇ ಮಾತಿಗೆ ನಿಲ್ಲುವವಳು: ಕತ್ತಿ ಹಿಡಿದವಳನ್ನು ಹೊಗಳುವಾಗಲೂ ಶಾಸನ ಬರೆದವರಿಗೆ ಮನೆಯ ಹಿರಿಮಗಳಲ್ಲಿ ಕಾಣುವ ಗುಣಗಳೇ ತೋಚಿವೆ.

ಆಕೆ ಆಳಿದ ಅವಧಿಯಲ್ಲಿ ಸಿಂಹಾಸನದ ಮೇಲೆ ಒಬ್ಬರ ಬಳಿಕ ಒಬ್ಬರು ಬಂದರು. ಮೊದಲು ಬಂದವರು ಆಕೆಯ ಒಡಹುಟ್ಟಿದವರು. ಆಮೇಲೆ ಬಂದ ಒಂದನೆಯ ಸೋಮೇಶ್ವರ ಜಯಸಿಂಹನ ಮಗ. ಅವನಿಗೆ ಆಕೆ ಸೋದರತ್ತೆ. ಆದರೂ ಅವನ ಕಾಲದ ಶಾಸನಗಳಲ್ಲಿ ಆಕೆ ಅಕ್ಕಾದೇವಿಯೇ. ಒಂದು ತಲೆಮಾರಿನ ಕರೆ ಮುಂದಿನ ತಲೆಮಾರಿಗೆ ಹೆಸರಾಗಿ ಗಟ್ಟಿಗೊಳ್ಳುವ ಬಗೆ ಇದು. ಸೂಡಿಯ ಅಕ್ಕೇಶ್ವರ ದೇವಾಲಯದ ಶಿವನಿಗೂ ಹೆಸರು ಬಂದದ್ದು ಆಕೆಯಿಂದ. ಅರಸರು ತಮ್ಮ ಹೆಸರಿನಲ್ಲಿ ಈಶ್ವರನನ್ನು ನಿಲ್ಲಿಸುವುದು ಸಾಮಾನ್ಯ. ಆದರೆ ಅಕ್ಕ ಎಂಬ ಮನೆಮಾತು ದೇವರ ಹೆಸರಿನೊಳಗೆ ಸೇರಿಕೊಂಡದ್ದು ಅಪರೂಪದ ಸಂಗತಿ. ಸೂಡಿಗೆ ಹೋದವರು ಇದನ್ನು ನೆನೆಯದೆ ಬರಬಾರದು.

ಶ್ರವಣಬೆಳಗೊಳದಲ್ಲಿ ಪದ ಇನ್ನೆರಡು ಬಗೆಯಲ್ಲಿ ಸಿಗುತ್ತದೆ. ಒಂದು, ದೇಮತಿ ಎಂಬಾಕೆಯ ಸ್ಮಾರಕ. ವ್ಯಾಪಾರಿ ಚಾಮುಂಡನ ಹೆಂಡತಿಯಾದ ಆಕೆ 1120ರಲ್ಲಿ ಸಲ್ಲೇಖನ ಎಂಬ ಉಪವಾಸ ವ್ರತದಿಂದ ದೇಹ ಬಿಟ್ಟಳು. ಹೊಯ್ಸಳ ದಂಡನಾಯಕ ಗಂಗರಾಜನ ಹೆಂಡತಿ ಲಕ್ಕಲೆ ಆಕೆಯ ಸೋದರಿ. ದೇಮತಿಯನ್ನು ದೇಮಿಯಕ್ಕ ಎಂದೂ ಕರೆದಿದ್ದಾರೆ. ಮನೆಯವರು ಕೂಗುತ್ತಿದ್ದ ಕರೆ ಹೀಗೆ ಸ್ಮಾರಕದ ಕಲ್ಲಿನವರೆಗೂ ಬಂದಿದೆ. ಇನ್ನೊಂದು, 1181ರಲ್ಲಿ ಕಟ್ಟಿದ ಪಾರ್ಶ್ವನಾಥ ಬಸದಿ. ಕಟ್ಟಿಸಿದವಳು ಎರಡನೆಯ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ. ಗಂಡ ಶಿವಭಕ್ತ ಬ್ರಾಹ್ಮಣ, ಹೆಂಡತಿ ಜೈನಳು. ಜನ ಆ ಕಟ್ಟಡವನ್ನು ಅಕ್ಕನ ಬಸದಿ ಎಂದು ಕರೆದರು, ಇಂದಿಗೂ ಹಾಗೆಯೇ ಕರೆಯುತ್ತಾರೆ. ಆಚಿ ಎಂಬ ಅವಳ ಸ್ವಂತ ಹೆಸರು ಬಾಯಿಮಾತಿನಿಂದ ಜಾರಿಹೋಗಿ, ಬಾಲಕ್ಕಿದ್ದ ಅಕ್ಕ ಮಾತ್ರ ಉಳಿದಿದೆ. ಅಲ್ಲಿಯ ಶಾಸನದ ಅಕ್ಷರ ಓದುವವರಿಗಷ್ಟೇ ಆಚಿಯಕ್ಕ ಸಿಗುತ್ತಾಳೆ.

ಶರಣರ ಚಳವಳಿಯಲ್ಲಿ ಪದಕ್ಕೆ ಬಂದ ತೂಕ ಬೇರೆಯೇ ಆದದ್ದು. ಬಸವಣ್ಣನ ಅಕ್ಕ ನಾಗಮ್ಮ, ಚೆನ್ನಬಸವಣ್ಣನ ತಾಯಿ. ಆಕೆಯನ್ನು ಪರಂಪರೆ ಅಕ್ಕನಾಗಮ್ಮ ಎಂದೇ ನೆನೆಯುತ್ತದೆ. ಬಸವಣ್ಣನೊಬ್ಬನ ಅಕ್ಕ ಇಡೀ ಶರಣ ಸಮೂಹಕ್ಕೆ ಅಕ್ಕನಾದದ್ದು ಆ ಹೆಸರಿನಲ್ಲೇ ದಾಖಲಾಗಿದೆ. ಕಲ್ಯಾಣದ ಶರಣ ಸಮೂಹ ಚೆದುರಿದಾಗ ಮಗನೊಂದಿಗೆ ಶರಣರ ತಂಡದ ಜೊತೆ ಪಶ್ಚಿಮದ ಕಡೆಗೆ ಹೊರಟವರಲ್ಲಿ ಆಕೆಯೂ ಒಬ್ಬಳು ಎಂದು ಪುರಾಣಗಳು ಹೇಳುತ್ತವೆ. ಆಕೆ ಐಕ್ಯಳಾದ ಸ್ಥಳವೆಂದು ತರೀಕೆರೆಯ ಬಳಿ ಒಂದು ತಾಣವನ್ನು ತೋರಿಸುತ್ತಾರೆ. ನಾಗಮ್ಮನ ವಚನಗಳು ಕೆಲವೇ ಸಿಕ್ಕಿವೆ. ಅವುಗಳ ಅಂಕಿತ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಜಗತ್ತು ಆಕೆಯನ್ನು ಬಸವಣ್ಣನ ಅಕ್ಕ ಎಂದು ಗುರುತಿಸಿತು. ಆಕೆ ದೇವರನ್ನೇ ಬಸವಣ್ಣನಿಗೆ ಪ್ರಿಯನಾದವನು ಎಂದು ಗುರುತಿಸಿದಳು. ಅಕ್ಕ ತಮ್ಮಂದಿರ ಪ್ರೀತಿಗೆ ಕನ್ನಡದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ.

ಇನ್ನೊಬ್ಬ ಶರಣೆಯಾದ ಉಡುತಡಿಯ ಮಹಾದೇವಿಗೆ ತಮ್ಮನೂ ಇಲ್ಲ, ತಂಗಿಯೂ ಇಲ್ಲ. ಶಿವಭಕ್ತ ತಂದೆತಾಯಿಗಳ ಮುದ್ದಿನ ಮಗಳಾಗಿ ಕವಿ ಹರಿಹರನ ರಗಳೆಯಲ್ಲಿ ಆಕೆ ಮೊದಲು ಕಾಣುತ್ತಾಳೆ. ಆ ಕೃತಿಯ ಹೆಸರು ‘ಮಹಾದೇವಿಯಕ್ಕನ ರಗಳೆ’. ಅಲ್ಲಿ ಅಕ್ಕ ಹೆಸರಿನ ಹಿಂದೆ ಇದೆ. ಕಾಲ ಕಳೆದಂತೆ ಅದು ಮುಂದಕ್ಕೆ ಬಂದು ಅಕ್ಕಮಹಾದೇವಿ ಎಂದಾಯಿತು. ಹಿಂದೆ ಇದ್ದಾಗ ಅದು ಲಕ್ಷ್ಮಕ್ಕ, ಗೌರಕ್ಕ ಎಂಬಂತೆ ಊರ ಸಲಿಗೆಯ ಕರೆ. ಮುಂದೆ ಬಂದಾಗ ಅದು ಪದವಿ. ಕಲ್ಯಾಣದಲ್ಲಿ ಆಕೆಯನ್ನು ಅಕ್ಕ ಎಂದವರಲ್ಲಿ ಬಹುಪಾಲು ಜನ ವಯಸ್ಸಿನಲ್ಲಿ ಆಕೆಗಿಂತ ದೊಡ್ಡವರು ಎಂದೇ ಪರಂಪರೆ ನಂಬಿದೆ. ಶರಣರ ಸಂವಾದಗಳನ್ನು ಹೆಣೆದ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವಿನ ಬಿರುಸಾದ ಪ್ರಶ್ನೆಗಳಿಗೆ ಎದುರು ನಿಂತು ಉತ್ತರ ಕೊಟ್ಟ ಮೇಲೆ ಆಕೆಗೆ ಸಿಗುವ ಹಿರಿತನ ಹುಟ್ಟಿದ ದಿನದಿಂದ ಬಂದದ್ದಲ್ಲ. ಅಕ್ಕ ಎಂಬುದು ವಯಸ್ಸಿನ ಲೆಕ್ಕವನ್ನು ಬಿಟ್ಟು ಅರಿವಿನ ಲೆಕ್ಕಕ್ಕೆ ಸೇರಿದ್ದು ಇಲ್ಲಿ.

ಇಷ್ಟಾಗಿ ಆಕೆಯ ವಚನಗಳನ್ನು ತೆರೆದರೆ, ಆಕೆಯೇ ಇನ್ನೊಬ್ಬಳನ್ನು ಅಕ್ಕ ಎಂದು ಕರೆಯುತ್ತಾಳೆ. ಕಂಡ ಕನಸನ್ನು, ತನ್ನ ದೈವವಾದ ಚೆನ್ನಮಲ್ಲಿಕಾರ್ಜುನನ ಮೇಲಿನ ಒಲವನ್ನು ಹೇಳಿಕೊಳ್ಳುವಾಗ ಆಕೆಗೆ ಕೇಳುವವಳೊಬ್ಬಳು ಬೇಕು. ಆ ಗೆಳತಿಗೆ ಹೆಸರಿಲ್ಲ, ಊರಿಲ್ಲ. ಒಮ್ಮೆ ಅಕ್ಕ, ಒಮ್ಮೆ ಅವ್ವ, ಒಮ್ಮೆ ತಾಯಿ, ಒಮ್ಮೆ ಕೆಳದಿ. ಮನೆ ಬಿಟ್ಟವಳು, ಗಂಡನನ್ನು ಬಿಟ್ಟವಳು, ಉಡುವ ಬಟ್ಟೆಯನ್ನೂ ಬಿಟ್ಟವಳು ಮನಸ್ಸು ತೋಡಿಕೊಳ್ಳುವ ಈ ಸಂಬಂಧವನ್ನು ಮಾತ್ರ ಬಿಡಲಿಲ್ಲ. ತಾಯಿ, ಸೋದರಿ, ಗೆಳತಿ ಎಂಬ ಮೂರೂ ಪಾತ್ರಗಳು ಒಂದೇ ಪದದಲ್ಲಿ ಕೂಡುವುದು ಆ ವಚನಗಳಲ್ಲಿ.

ಈ ಕಾಲಕ್ಕೆ ಬಂದರೆ ಪದದ ಹರವು ಇನ್ನೂ ದೊಡ್ಡದಾಗಿದೆ. ವಚನ ಓದಲು ಸೇರುವ ಹೆಂಗಸರ ಕೂಟಗಳಿಗೆ ಅಕ್ಕನ ಬಳಗ ಎಂಬ ಹೆಸರು ಹಲವು ಊರುಗಳಲ್ಲಿದೆ. ವಿಜಯಪುರದಲ್ಲಿ 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಟ್ಟರು. ಅಮೆರಿಕದ ಕನ್ನಡ ಕೂಟಗಳು 1998ರಲ್ಲಿ ಒಂದಾಗಿ ಕಟ್ಟಿಕೊಂಡ ಸಂಸ್ಥೆಯ ಕಿರುಹೆಸರೂ ಅಕ್ಕ. ಅಲ್ಲಿ ಅದು ‘ಅಮೆರಿಕ ಕನ್ನಡ ಕೂಟಗಳ ಆಗರ’ ಎಂಬುದರ ಮೊದಲ ಅಕ್ಷರಗಳಿಂದ ಆದದ್ದು. ಆದರೂ ದೂರದೇಶದಲ್ಲಿ ಊರ ನಂಟನ್ನು ಕಾಯುವವಳು ಎಂಬ ಭಾವ ಆ ಹೆಸರಿನಲ್ಲಿ ತಾನಾಗಿ ಮೂಡುತ್ತದೆ.

ಪದ ತನ್ನ ಪೂರ್ತಿ ಭಾರದೊಡನೆ ಕಾಣುವುದು ಪತ್ರಿಕೆಗಳ ಶ್ರದ್ಧಾಂಜಲಿಯ ಚೌಕಗಳಲ್ಲಿ. ಪ್ರೀತಿಯ ಮಗಳು, ಅಕ್ಕರೆಯ ಅಕ್ಕ, ನೆಚ್ಚಿನ ಗೆಳತಿ ಎಂದು ಭಾವಚಿತ್ರದ ಕೆಳಗೆ ಸಾಲು ಬರುತ್ತದೆ. ಈ ಮೂರರಲ್ಲಿ ಕಾಲದೊಡನೆ ವಿಚಿತ್ರವಾಗಿ ನಡೆದುಕೊಳ್ಳುವುದು ಅಕ್ಕ. ಇಪ್ಪತ್ತೆರಡರಲ್ಲಿ ತೀರಿಕೊಂಡ ಅಕ್ಕನ ವಯಸ್ಸನ್ನು ತಂಗಿ ಕೆಲವೇ ವರ್ಷಗಳಲ್ಲಿ ದಾಟುತ್ತಾಳೆ. ಮುಂದೆ ಅವಳಿಗೆ ಮಕ್ಕಳು, ಮೊಮ್ಮಕ್ಕಳು. ಅರವತ್ತು ತುಂಬಿದ ಆ ತಂಗಿ ಇಪ್ಪತ್ತೆರಡರ ಹುಡುಗಿಯ ಚಿತ್ರಕ್ಕೆ ಹೂ ಮುಡಿಸುವಾಗಲೂ ಅಕ್ಕ ಎಂದೇ ಅನ್ನುತ್ತಾಳೆ; ಮೊಮ್ಮಕ್ಕಳಿಗೆ ಅದೇ ಹುಡುಗಿ ದೊಡ್ಡಜ್ಜಿ. ಸಾವು ವಯಸ್ಸನ್ನು ನಿಲ್ಲಿಸುತ್ತದೆ, ಹಿರಿತನವನ್ನು ನಿಲ್ಲಿಸಲಾರದು. ನೆಂಟಸ್ತನದ ಪದಗಳು ದುಃಖಿತರಿಗೆ ಮಾಡುವ ದೊಡ್ಡ ಉಪಕಾರ ಇದು.

ಆದರೆ ಅದೇ ಪದ ಒಂದನ್ನು ಕಸಿದುಕೊಳ್ಳುತ್ತದೆ. ತಂಗಿ ತಮ್ಮಂದಿರು ಹೆಸರು ಹಿಡಿದು ಕರೆದವರಲ್ಲ. ಹೆಸರು ಹಿಡಿದು ಕರೆಯುತ್ತಿದ್ದ ಅಪ್ಪ ಅಮ್ಮ ಹೋದ ಮೇಲೆ ಆ ಹೆಸರನ್ನು ನುಡಿಯುವವರೇ ಇರುವುದಿಲ್ಲ. ಮೂರನೆಯ ತಲೆಮಾರಿಗೆ ಗೋಡೆಯ ಮೇಲಿನ ಚಿತ್ರ ‘ಅಜ್ಜಿಯ ಅಕ್ಕ’ ಆಗುತ್ತದೆ, ನಾಲ್ಕನೆಯದಕ್ಕೆ ಅದೂ ಉಳಿಯುವುದಿಲ್ಲ. ಅಕ್ಕನ ಬಸದಿಗೆ ಆದದ್ದೂ ಇದೇ. ಅಲ್ಲಿ ಶಾಸನವೊಂದು ಇದ್ದುದರಿಂದ ಆಚಿಯಕ್ಕ ಕಳೆದುಹೋಗಲಿಲ್ಲ. ಸಾಮಾನ್ಯ ಮನೆಗಳಲ್ಲಿ ಶಾಸನವಿಲ್ಲ. ಚಿತ್ರದ ಹಿಂಬದಿ ಇದೆ, ಹಳೆಯ ನೋಟುಪುಸ್ತಕ ಇದೆ, ಶ್ರದ್ಧಾಂಜಲಿಯ ಆ ನಾಲ್ಕು ಸಾಲುಗಳಿವೆ. ಅಲ್ಲಿ ಅಕ್ಕ ಎಂದು ಬರೆಯುವವರು ಅವಳ ಸ್ವಂತ ಹೆಸರನ್ನೂ, ಹುಟ್ಟಿದ ಊರನ್ನೂ, ಓದಿದ್ದು, ದುಡಿದದ್ದು, ಇಷ್ಟಪಟ್ಟದ್ದನ್ನೂ ಜೊತೆಗೇ ಬರೆದಿಡಬೇಕು.