ಕೆರಿಬಿಯನ್ ಜನಪದ ಕುಣಿತ ಮತ್ತು ಹಿಪ್‌ಹಾಪ್

ಹಿಪ್‌ಹಾಪ್ ನೃತ್ಯವು 1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ರೂಪುಗೊಂಡ ಬೀದಿ ಕುಣಿತ. ನಮ್ಮ ಕಾಲೇಜು ಗ್ಯಾದರಿಂಗ್‌ಗಳಲ್ಲಿ ‘ಬ್ರೇಕ್ ಡ್ಯಾನ್ಸ್’ ಎಂದು ಕರೆಸಿಕೊಳ್ಳುವ ಬ್ರೇಕಿಂಗ್ ಇದರ ಮೊದಲ ಪ್ರಕಾರ. ಆಫ್ರಿಕನ್ ಅಮೆರಿಕನ್ ತರುಣರೊಡನೆ ಜಮೈಕಾ, ಪೋರ್ಟೊರಿಕೊಗಳಿಂದ ವಲಸೆ ಬಂದವರ ಮಕ್ಕಳೂ ಸೇರಿ ಇದನ್ನು ಬೆಳೆಸಿದರು. ಕೆರಿಬಿಯನ್ನಿನ ಇನ್ನೊಂದು ಎಳೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಮೊಹರಂ ಹಬ್ಬಕ್ಕೂ ತಾಗುತ್ತದೆ.

ಜಮೈಕಾದ ಕೊಡುಗೆ ಮುಖ್ಯವಾಗಿ ಸೌಂಡ್ ಸಿಸ್ಟಂ. 1950ರ ದಶಕದಿಂದ ಕಿಂಗ್‌ಸ್ಟನ್‌ನ ಬಯಲುಗಳಲ್ಲಿ ದೊಡ್ಡ ಸ್ಪೀಕರ್ ಪೆಟ್ಟಿಗೆ ಪೇರಿಸಿ, ರೆಕಾರ್ಡ್ ಹಾಕಿ, ಮೈಕಿನಲ್ಲಿ ಮಾತಿನ ಚಟಾಕಿ ಹಾರಿಸುತ್ತ ಜನರನ್ನು ಕುಣಿಸುವ ಪದ್ಧತಿಯಿತ್ತು. ಗಣಪತಿ ಕಳಿಸುವಾಗಿನ ಡಿಜೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂಲ್ ಹರ್ಕ್ ಎಂದು ಹೆಸರಾದ ಕ್ಲೈವ್ ಕ್ಯಾಂಪ್‌ಬೆಲ್ 1955ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ, 1967ರಲ್ಲಿ ಬ್ರಾಂಕ್ಸ್ ಸೇರಿದವನು. ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆಗೆ ದುಡ್ಡು ಬೇಕೆಂದು ತಂಗಿ ಸಿಂಡಿ 1973ರ ಆಗಸ್ಟ್ 11ರಂದು ಏರ್ಪಡಿಸಿದ ಪಾರ್ಟಿಯಲ್ಲಿ ರೆಕಾರ್ಡ್ ಹಾಕಿದವನು ಇವನೇ. ಹಾಡಿನ ನಡುವೆ ಗಾಯನ ನಿಂತು ಬರೀ ತಾಳ ಉಳಿಯುವ ತುಣುಕಿಗೆ ಹುಡುಗರು ಹುಚ್ಚೆದ್ದು ಕುಣಿಯುವುದನ್ನು ಕಂಡು, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಮರಳಿ ಮರಳಿ ನುಡಿಸತೊಡಗಿದ. ಆ ತುಣುಕೇ ‘ಬ್ರೇಕ್’. ಅದಕ್ಕೆ ಕುಣಿದವರು ಬಿ-ಬಾಯ್, ಬಿ-ಗರ್ಲ್‌ಗಳು.

ಪೋರ್ಟೊರಿಕೊದ ಬೊಂಬಾ ಕುಣಿತವನ್ನು ಕಬ್ಬಿನ ತೋಟಗಳಲ್ಲಿ ದುಡಿದ ಆಫ್ರಿಕನ್ ಗುಲಾಮರು ಬೆಳೆಸಿದರು. ಜನ ಸುತ್ತ ನಿಲ್ಲುತ್ತಾರೆ, ಒಬ್ಬರು ನಡುವಿಗೆ ಬಂದು ಡೋಲಿಗೆ ಸವಾಲು ಹಾಕುತ್ತಾರೆ. ಇಲ್ಲಿ ಕುಣಿಯುವವರು ಡೋಲನ್ನು ಹಿಂಬಾಲಿಸುವುದಿಲ್ಲ. ಲಂಗದ ಬೀಸು, ಭುಜದ ಕುಲುಕು, ಕಾಲಿನ ತಟ್ಟನ್ನು ನೋಡಿ ಡೋಲಿನವನೇ ಪೆಟ್ಟು ಹಾಕಬೇಕು. ಬ್ರೇಕಿಂಗ್‌ನ ‘ಸೈಫರ್’ ಕೂಡ ಇಂಥದೇ ವೃತ್ತ, ಆದರೆ ಸವಾಲು ಎದುರಾಳಿಗೆ. ಬೊಂಬಾದ ಹೆಜ್ಜೆಗಳೇ ನೇರವಾಗಿ ಬ್ರೇಕಿಂಗ್‌ಗೆ ಬಂದವೆನ್ನುವುದು ಹೆಚ್ಚಾದೀತು. ನಿಂತು ಕುಣಿಯುವ ‘ಟಾಪ್‌ರಾಕ್’ ಭಾಗದಲ್ಲಿ ಮಾಂಬೊ, ಸಾಲ್ಸಾಗಳ ಛಾಯೆ ಮಾತ್ರ ಸ್ಪಷ್ಟ. 1970ರ ದಶಕದ ಕೊನೆಗೆ ಬ್ರೇಕಿಂಗ್ ಮಂಕಾಗುತ್ತಿದ್ದಾಗ ಅದನ್ನು ಉಳಿಸಿ ಬೆಳೆಸಿದವರಲ್ಲಿ ಪೋರ್ಟೊರಿಕೊ ಮೂಲದ ಹುಡುಗರೇ ಹೆಚ್ಚು. 1977ರಲ್ಲಿ ಹುಟ್ಟಿದ ರಾಕ್ ಸ್ಟೆಡಿ ಕ್ರ್ಯೂ ತಂಡದ ಕ್ರೇಜಿ ಲೆಗ್ಸ್ ಇವರಲ್ಲಿ ಪ್ರಸಿದ್ಧ.

ಟ್ರಿನಿಡಾಡ್‌ನ ಕತೆ ಬೇರೆ. 1845ರ ಮೇ 30ರಂದು ಫತೆಲ್ ರಜಾಕ್ ಹಡಗು ಭಾರತದ ಕರಾರು ಕೂಲಿಗಳ ಮೊದಲ ತಂಡವನ್ನು ಅಲ್ಲಿಗೆ ಒಯ್ದಿತು. ಅವರೊಂದಿಗೆ ಹೋದ ಮೊಹರಂ ಅಲ್ಲಿ ‘ಹೋಸೆ’ ಆಯಿತು. ಸೇಂಟ್ ಜೇಮ್ಸ್, ಸೆಡ್ರೊಸ್‌ಗಳಲ್ಲಿ ಇಂದಿಗೂ ತಾಬೂತಿನ ಮುಂದೆ ‘ತಾಸಾ’ ಬಡಿಯುತ್ತಾರೆ. ಬಡಿಯುವ ಮೊದಲು ಚರ್ಮವನ್ನು ಬೆಂಕಿಗೆ ಕಾಸಿ ಬಿಗಿ ಮಾಡುತ್ತಾರೆ. 1884ರಲ್ಲಿ ಬ್ರಿಟಿಷ್ ಆಡಳಿತ ಹೋಸೆ ಮೆರವಣಿಗೆಯ ಮೇಲೆ ಗುಂಡು ಹಾರಿಸಿದಾಗ ಸತ್ತವರಲ್ಲಿ ಹಿಂದೂಗಳೂ ಇದ್ದರು.

ಕಲಬುರಗಿ ಸೀಮೆಯಲ್ಲೂ ಮೊಹರಂ ಎರಡೂ ಮತದವರ ಹಬ್ಬ. ಅಲಾಯಿ ಕುಣಿ ತೋಡಿ, ಪೀರಲ ದೇವರನ್ನು ಕೂಡಿಸಿ, ಹಲಗೆ-ತಾಶೆಯ ಪೆಟ್ಟಿಗೆ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಕರ್ಬಲಾದ ಕತೆಯನ್ನು ರಿವಾಯತ್ ಪದಗಳಲ್ಲಿ ಕನ್ನಡದಲ್ಲೇ ಹಾಡುತ್ತಾರೆ. ಹಲಗೆಯನ್ನು ಕಾಸುವುದು ಇಲ್ಲೂ ಹೊಸತಲ್ಲ. ಹಾಗೆಂದು ಸೇಡಂನ ತಾಶೆಯೇ ಟ್ರಿನಿಡಾಡ್‌ಗೆ ಹೋಯಿತೆಂದು ತಿಳಿಯಬಾರದು. ಅಲ್ಲಿಗೆ ಹೋದ ಕೂಲಿಗಳಲ್ಲಿ ಬಹುಪಾಲು ಜನ ಅವಧ್, ಭೋಜಪುರ ಕಡೆಯವರು, ಕಲ್ಕತ್ತಾದಿಂದ ಹಡಗು ಹತ್ತಿದವರು. ಎರಡೂ ಕಡೆಯ ವಾದ್ಯ ಒಂದೇ ವಂಶದ್ದು, ಅಷ್ಟೇ. ಇನ್ನು ಬ್ರಾಂಕ್ಸ್‌ನ ಬ್ರೇಕಿಂಗ್‌ಗೆ ದಾರಿಯಾದದ್ದು ಜಮೈಕಾ ಮತ್ತು ಪೋರ್ಟೊರಿಕೊ, ಹೋಸೆಯಲ್ಲ.

ಬ್ರೇಕಿಂಗ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಸ್ಪರ್ಧೆಯಾಯಿತು. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಅದು ಇಲ್ಲ.