ಆಕಾಶದ ಸರದಿಗೆ ಬಾಗಿಲು ಯಾವುದು?

ಬೆಂಗಳೂರು–ಮೈಸೂರು ರಸ್ತೆಯಲ್ಲಿ ದಾರಿ ಕಟ್ಟಿದರೆ ಬಸ್ಸು ನಿಲ್ಲುತ್ತದೆ. ವಿರೂಪಾಕ್ಷಿಪುರದಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತಂದ ರೈತ, ಸರದಿ ಬರುವವರೆಗೆ ಚೀಲ ಇಳಿಸಿ ಕೂರಬಹುದು. ವಿಮಾನಕ್ಕೆ ಆ ಸೌಕರ್ಯವಿಲ್ಲ. ರೆಕ್ಕೆಯ ಮೇಲೆ ಗಾಳಿ ಹರಿಯುವಷ್ಟು ಹೊತ್ತು ಮಾತ್ರ ಅದು ಮೇಲಿರಬಲ್ಲದು. ಕೆಳಗೆ ಮಂಜು ಕವಿದಿರಲಿ, ಓಡುದಾರಿ ತೆರವಾಗದಿರಲಿ, ಕಣದಲ್ಲಿ ಹಂತಿ ತುಳಿಯುವ ಎತ್ತಿನಂತೆ ಸುತ್ತುತ್ತಲೇ ಕಾಯಬೇಕು.

ಈ ಸುತ್ತಿಗೆ ವೈಮಾನಿಕರ ಭಾಷೆಯಲ್ಲಿ ‘ಹೋಲ್ಡಿಂಗ್’ ಎಂದು ಹೆಸರು. ಅದರ ಆಕಾರ ಕುದುರೆ ಪಂದ್ಯದ ಮೈದಾನದಂಥದು: ಎರಡು ನೇರ ಬದಿ, ಎರಡು ತಿರುವು. ಬೇರೆ ಸೂಚನೆ ಇಲ್ಲದಿದ್ದರೆ ತಿರುವು ಬಲಕ್ಕೆ. ನಿಗದಿತ ಬಿಂದುವಿನತ್ತ ಬರುವ ನೇರ ಬದಿ 14,000 ಅಡಿಯವರೆಗೆ ಒಂದು ನಿಮಿಷದ್ದು, ಅದಕ್ಕೂ ಮೇಲೆ ಒಂದೂವರೆ ನಿಮಿಷದ್ದು. ಒಂದೇ ಬಿಂದುವಿನ ಮೇಲೆ ಹಲವು ವಿಮಾನಗಳು ಸಾವಿರ ಅಡಿಗೊಂದರಂತೆ ಅಟ್ಟಗಟ್ಟಿ ಸುತ್ತುವುದೂ ಉಂಟು.

ಸುತ್ತುವುದು ಸುಲಭ; ಸುತ್ತಿನೊಳಗೆ ಪ್ರವೇಶಿಸುವುದೇ ತೊಡಕು. ವಿಮಾನ ಯಾವ ದಿಕ್ಕಿನಿಂದಲಾದರೂ ಬರಬಹುದು. ಆದ್ದರಿಂದ 360 ಡಿಗ್ರಿಯನ್ನು 180, 110 ಮತ್ತು 70ರ ಮೂರು ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ಪ್ರವೇಶ ಕ್ರಮ ಗೊತ್ತುಪಡಿಸಲಾಗಿದೆ. ಮೊದಲನೆಯದು ನೇರ: ಬಿಂದುವನ್ನು ದಾಟಿ ತಿರುಗಿದರೆ ಸಾಕು. ಎರಡನೆಯದು ಸಮಾಂತರ: ಬಿಂದು ದಾಟಿ, ಒಳಬರುವ ಬದಿಗೆ ಸಮಾಂತರವಾಗಿ ವಿರುದ್ಧ ದಿಕ್ಕಿಗೆ ಹೋಗಿ ಹಿಂತಿರುಗುವುದು. ಮೂರನೆಯದು ಓರೆ: 30 ಡಿಗ್ರಿ ಓರೆಯಾಗಿ ಸುತ್ತಿನ ಒಳಭಾಗಕ್ಕೆ ಸಾಗಿ, ಅಲ್ಲಿಂದ ತಿರುಗಿ ಬರುವುದು.

ಈ ಕ್ರಮವನ್ನು ಚಾಲಕ ಪಾಲಿಸಲೇಬೇಕೆ? ಕಾಯುವಿಕೆಯ ಚರಿತ್ರೆಯನ್ನು ನೋಡದೆ ಇದಕ್ಕೆ ಉತ್ತರ ಹೇಳಲಾಗದು.

1948ರಲ್ಲಿ ಸೋವಿಯತ್ ದಿಗ್ಬಂಧನದಿಂದ ಪಶ್ಚಿಮ ಬರ್ಲಿನ್‌ಗೆ ಅನ್ನ, ಇದ್ದಿಲು ಆಕಾಶಮಾರ್ಗದಲ್ಲೇ ಹೋಗಬೇಕಾಯಿತು. ಆಗಸ್ಟ್ 13ರಂದು ಮಳೆ, ಮೋಡದ ನಡುವೆ ಒಂದು ವಿಮಾನ ನೆಲಕ್ಕಪ್ಪಳಿಸಿ ಉರಿಯಿತು. ಹಿಂದೆ ಬಂದವು ನಗರದ ಮೇಲೆ ಗುಂಪುಗೂಡಿ ಸುತ್ತತೊಡಗಿದವು. ಕಾರ್ಯಾಚರಣೆಯ ಮುಖ್ಯಸ್ಥ ಜನರಲ್ ಟನ್ನರ್ ಸಹ ಅವುಗಳಲ್ಲೊಂದರಲ್ಲಿ ಸಿಕ್ಕಿಕೊಂಡಿದ್ದ. ಕಾಯುತ್ತಿದ್ದ ವಿಮಾನಗಳನ್ನು ವಾಪಸು ಕಳಿಸಿದ ಆತ, ಮುಂದೆ ಮೊದಲ ಯತ್ನದಲ್ಲಿ ಇಳಿಯಲಾಗದ ವಿಮಾನ ಸರಕಿನೊಡನೆ ಮರಳಬೇಕೆಂದು ಕಟ್ಟಪ್ಪಣೆ ಮಾಡಿದ.

1960ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಬಳಿ ಯುನೈಟೆಡ್ ಸಂಸ್ಥೆಯ ಜೆಟ್ ವಿಮಾನಕ್ಕೆ ‘ಪ್ರೆಸ್ಟನ್’ ಎಂಬ ಬಿಂದುವಿನಲ್ಲಿ ಕಾಯಲು ಸೂಚನೆಯಿತ್ತು. ಅತಿವೇಗದಲ್ಲಿದ್ದ ಅದು ಬಿಂದುವನ್ನು ಮೈಲಿಗಟ್ಟಲೆ ದಾಟಿಹೋಗಿ, ಟಿಡಬ್ಲ್ಯುಎ ಸಂಸ್ಥೆಯ ವಿಮಾನಕ್ಕೆ ಬಡಿಯಿತು. ನೆಲದ ಮೇಲಿದ್ದವರೂ ಸೇರಿ 134 ಮಂದಿ ಸತ್ತರು. ವಿಮಾನ ನಿಲ್ದಾಣಗಳ ಸಮೀಪ ವೇಗಕ್ಕೆ ಮಿತಿ ಬಂದದ್ದು ಇದರ ನಂತರ.

1980ರ ಏಪ್ರಿಲ್ 25ರಂದು ಟೆನೆರಿಫ್ ದ್ವೀಪದಲ್ಲಿ ನಡೆದದ್ದು ಇನ್ನೂ ಮಾರ್ಮಿಕ. ನಕ್ಷೆಯಲ್ಲಿ ಇಲ್ಲದ ಸುತ್ತೊಂದರಲ್ಲಿ ಕಾಯುವಂತೆ ಡಾನ್-ಏರ್ ವಿಮಾನಕ್ಕೆ ಹೇಳಲಾಯಿತು. ‘ಸುತ್ತಿನ ತಿರುವುಗಳು ಎಡಕ್ಕೆ’ ಎನ್ನಬೇಕಿದ್ದ ನಿಯಂತ್ರಕನ ಇಂಗ್ಲಿಷಿನಲ್ಲಿ ಬಹುವಚನದ ಒಂದಕ್ಷರ ಬಿಟ್ಟುಹೋಗಿ, ಅದು ‘ಎಡಕ್ಕೆ ತಿರುಗಿ’ ಎಂದು ಕೇಳಿಸಿತು. ವಿಮಾನ ಎಡಕ್ಕೆ ತಿರುಗಿ ಬೆಟ್ಟಗಳ ಕಡೆ ಸಾಗಿತು. ಒಳಗಿದ್ದ 146 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಈಗ ಪ್ರಶ್ನೆಗೆ ಬರೋಣ. 1944ರ ಷಿಕಾಗೋ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕ್ರಮದಲ್ಲಿ ಮೂರು ಪಾಲುಗಳ ಪ್ರಕಾರವೇ ಪ್ರವೇಶ ನಡೆಯಬೇಕು. ಗಡಿಯಲ್ಲಿ ಆಚೀಚೆ ಐದು ಡಿಗ್ರಿ ವಿನಾಯಿತಿ ಉಂಟು. ಭಾರತದ ಕ್ರಮವೂ ಇದನ್ನೇ ಆಧರಿಸಿದೆ. ಅಮೆರಿಕದಲ್ಲಿ ಮಾತ್ರ ಇವು ‘ಶಿಫಾರಸು’. ಬೇರೆ ರೀತಿಯಲ್ಲಿ ಹೊಕ್ಕರೂ ವಿಮಾನ ರಕ್ಷಿತ ಪ್ರದೇಶದೊಳಗೆ ಉಳಿಯಬಹುದೆಂದು ಅಲ್ಲಿನವರು ಒಪ್ಪುತ್ತಾರೆ. ಆದರೆ ಆ ಪ್ರದೇಶದ ಎಲ್ಲೆ ಮೀರುವಂತಿಲ್ಲ ಎಂಬಲ್ಲಿ ಇಬ್ಬರದೂ ಒಂದೇ ಮಾತು. ಗಾಳಿ, ವೇಗ, ಸುತ್ತಲಿನ ಗುಡ್ಡಗಳನ್ನು ಲೆಕ್ಕ ಹಾಕಿಯೇ ಆ ಎಲ್ಲೆಯನ್ನು ಎಳೆದಿರುತ್ತಾರೆ.

ನಮ್ಮ ನಾಡಿಗೂ ಈ ಲೆಕ್ಕ ದೂರದ್ದಲ್ಲ. 1940ರಲ್ಲಿ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ ವಿಮಾನ ಕಾರ್ಖಾನೆಯ ಒಂದೇ ಓಡುದಾರಿ ಬೆಂಗಳೂರಿನ ಪ್ರಯಾಣಿಕರ ಭಾರವನ್ನು ದಶಕಗಳ ಕಾಲ ಹೊತ್ತಿತು. 2008ರ ಮೇ 24ರಂದು ನಿಲ್ದಾಣ ದೇವನಹಳ್ಳಿಗೆ ಹೋಯಿತು. ಅಲ್ಲಿ ಚಳಿಗಾಲದ ಮುಂಜಾನೆ ಮಂಜು ಕವಿದರೆ ವಿಮಾನಗಳು ಸುತ್ತಿ ಕಾಯಬೇಕು, ಇಲ್ಲವೇ ಚೆನ್ನೈಯಂಥ ಊರಿಗೆ ತಿರುಗಬೇಕು. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದ್ದರೆ, ಇಪ್ಪತ್ತು ಕಿಲೋಮೀಟರಿನಷ್ಟು ಉತ್ತರಕ್ಕಿರುವ ನಂದಿಬೆಟ್ಟದ ಎತ್ತರ 1,478 ಮೀಟರ್. ಮಂಜಿನಲ್ಲಿ ಕಣ್ಣಿಗೆ ಕಾಣದ ಈ ಬೆಟ್ಟ ನಕ್ಷೆ ಬರೆಯುವವನಿಗೆ ಕಾಣಲೇಬೇಕು.

ಈಗ ಯಾವ ಬಾಗಿಲಿನಿಂದ ಹೊಗಬೇಕೆಂದು ವಿಮಾನದ ಗಣಕಯಂತ್ರವೇ ಎಣಿಸಿ ಹೇಳುತ್ತದೆ. ಆದರೂ ತರಬೇತಿಯಲ್ಲಿ ಮೂರು ಕ್ರಮಗಳನ್ನೂ ಕಲಿಸುವುದು ನಿಂತಿಲ್ಲ. ಯಂತ್ರ ಕೈಕೊಟ್ಟ ಹೊತ್ತಿನಲ್ಲಿ ಚಾಲಕನಿಗೆ ತಾನೆಲ್ಲಿದ್ದೇನೆಂಬುದು ತಿಳಿದಿರಬೇಕು. ತನ್ನ ಮೇಲೂ ಕೆಳಗೂ ಇನ್ನೊಂದು ವಿಮಾನ ಸುತ್ತುತ್ತಿರಬಹುದು ಎಂಬುದೂ ನೆನಪಿರಬೇಕು.